ಬಿಸಿಲನ್ನು ಉಪ್ಪಿನಲ್ಲಿ ಕೂಡಿಟ್ಟ ಮಾರಿಯಾ ಟೆಲ್ಕೆಶ್

ಕಿಲೀನ್ ಅಂದ ಕೂಡಲೇ ಟೆಕ್ಸಸ್‌ನಲ್ಲಿರೋ ನಮ್ಮವರಿಗೆ ನೆನಪಾಗೋದು ಫೋರ್ಟ್ ಹುಡ್ ಸೈನ್ಯದ ನೆಲೆ. ಆಸ್ಟಿನ್‌ನಿಂದ ಉತ್ತರಕ್ಕೆ ಸುಮಾರು 70 ಮೈಲಿ. ಡಾಲಸ್‌ಗೆ ಹೋಗುವವರು ಐ-35 ಹಿಡಿದು ಬೆಲ್ಟನ್, ಟೆಂಪಲ್ ದಾಟಿ ನೆಟ್ಟಗೆ ಹೋಗಿಬಿಡ್ತಾರೆ, ಪಶ್ಚಿಮಕ್ಕೆ ತಿರುಗಿ ಆ ಊರಿಗೆ ಹೋಗೋ ಕೆಲಸ ಹೆಚ್ಚಿನವರಿಗೆ ಬೀಳೋದಿಲ್ಲ. 1970ರ ದಶಕದ ಕೊನೆಯಲ್ಲಿ ಆ ಊರಿನ ಅಮೆರಿಕನ್ ಟೆಕ್ನಾಲಜಿಕಲ್ ಯೂನಿವರ್ಸಿಟಿ ಅನ್ನೋ ಸಣ್ಣ ಸಂಸ್ಥೆಯಲ್ಲಿ, ಎಂಬತ್ತರ ಹತ್ತಿರ ಬಂದಿದ್ದ ಒಬ್ಬ ಹೆಂಗಸು ಬಿಸಿಲಿನ ಶಾಖವನ್ನು ಕೂಡಿಡೋ ವಿಭಾಗದ ಮುಖ್ಯಸ್ಥೆಯಾಗಿದ್ದರು. ಹೆಸರು ಮಾರಿಯಾ ಟೆಲ್ಕೆಶ್. ಅಮೆರಿಕದ ಪತ್ರಿಕೆಗಳು ಅವರನ್ನು ಸೂರ್ಯರಾಣಿ ಅಂತ ಕರೀತಿದ್ವು. ಆ ಸಂಸ್ಥೆ ಕೈ ಬದಲಾಗಿ, ಹೆಸರು ಬದಲಾಗಿ ಈಗ ಟೆಕ್ಸಸ್ ಎ ಅಂಡ್ ಎಂ ಯೂನಿವರ್ಸಿಟಿಯ ಸೆಂಟ್ರಲ್ ಟೆಕ್ಸಸ್ ಶಾಖೆ ಆಗಿದೆ.

ಸೋಲಾರ್ ಅಂದ್ರೆ ಈಗ ನಮಗೆಲ್ಲ ಛಾವಣಿ ಮೇಲಿನ ಪ್ಯಾನೆಲ್, ಇನ್ವರ್ಟರು, ಗೋಡೆಗೆ ಬಿಗಿದ ಬ್ಯಾಟರಿ. ಟೆಲ್ಕೆಶ್ ಅವರ ಜೀವನ ಕಳೆದದ್ದು ಬೇರೆ ದಾರಿಯಲ್ಲಿ. ಬಿಸಿಲನ್ನು ಕರೆಂಟು ಮಾಡೋ ಮೊದಲೇ, ಶಾಖವಾಗಿಯೇ ಹಿಡಿದು ರಾತ್ರಿಗೆ ಇಟ್ಟುಕೊಳ್ಳೋದು ಹೇಗೆ? ಹಗಲು ಶಾಖ ಹಿಡಿಯೋದು ಕಷ್ಟವಲ್ಲ, ಕಪ್ಪು ಬಳಿದ ತಗಡು, ಎದುರಿಗೆ ಒಂದು ಗಾಜು ಇದ್ರೆ ಸಾಕು. ಸಂಜೆ ಆರರಿಂದ ಬೆಳಿಗ್ಗೆ ಏಳರವರೆಗೆ ಅದನ್ನು ಕಾಯ್ದಿಡೋದೇ ಕಷ್ಟ. ಊರಲ್ಲಿ ಬಚ್ಚಲೊಲೆ ಇದ್ದವರಿಗೆ ಇದು ಗೊತ್ತು. ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ ಬಿಟ್ರೆ ಬೆಳಿಗ್ಗೆ ಹಂಡೆ ನೀರು ಇನ್ನೂ ಬೆಚ್ಚಗಿರುತ್ತಿತ್ತು. ಬೂದಿ ಮುಚ್ಚೋದು ಮರೆತ್ರೆ ತಣ್ಣೀರೇ ಗತಿ.

ಟೆಲ್ಕೆಶ್ ಹುಟ್ಟಿದ್ದು 1900ರ ಡಿಸೆಂಬರ್ 12ರಂದು, ಹಂಗೇರಿಯ ಬುಡಾಪೆಸ್ಟ್‌ನಲ್ಲಿ. ಅಲ್ಲಿಯ ವಿಶ್ವವಿದ್ಯಾಲಯದಲ್ಲೇ ಭೌತರಸಾಯನ ಓದಿ 1924ರಲ್ಲಿ ಡಾಕ್ಟರೇಟ್ ಪಡೆದರು. ಹೆಣ್ಣುಮಕ್ಕಳು ಲ್ಯಾಬಿಗೆ ಕಾಲಿಡೋದೇ ಅಪರೂಪವಾಗಿದ್ದ ಕಾಲ. ಆಮೇಲೆ ಅಮೆರಿಕಕ್ಕೆ ಬಂದರು. ಕ್ಲೀವ್‌ಲೆಂಡ್‌ನಲ್ಲಿ ಅವರ ಬಂಧುವೊಬ್ಬರು ಹಂಗೇರಿಯ ಕಾನ್ಸಲ್ ಆಗಿದ್ದರು, ಅವರನ್ನು ನೋಡಿಕೊಂಡು ಹೋಗೋಣ ಅಂತ ಬಂದವರು ಇಲ್ಲೇ ನಿಂತರು. ಕ್ಲೀವ್‌ಲೆಂಡ್ ಕ್ಲಿನಿಕ್‌ನಲ್ಲಿ ಸರ್ಜನ್ ಜಾರ್ಜ್ ಕ್ರೈಲ್ ಅವರ ಜೊತೆ ಹನ್ನೆರಡು ವರ್ಷದಷ್ಟು ಕಾಲ, ಜೀವಕೋಶಗಳಿಂದ ಹೊರಡೋ ಶಕ್ತಿಯನ್ನು ಅಳೆಯೋ ಕೆಲಸ. 1937ರಲ್ಲಿ ಅಮೆರಿಕದ ಪ್ರಜೆ ಆದರು. ಅದೇ ವರ್ಷ ವೆಸ್ಟಿಂಗ್‌ಹೌಸ್ ಕಂಪನಿ ಸೇರಿದರು.

ವೆಸ್ಟಿಂಗ್‌ಹೌಸ್‌ನಲ್ಲಿ ಅವರು ಮಾಡಿದ ಕೆಲಸ ನಮ್ಮ ಕಸುಬಿಗೆ ಹತ್ತಿರದ್ದು. ಎರಡು ಬೇರೆ ಲೋಹದ ತುದಿ ಸೇರಿಸಿ, ಒಂದು ಕಡೆ ಬಿಸಿ, ಇನ್ನೊಂದು ಕಡೆ ತಣ್ಣಗೆ ಇಟ್ರೆ ಸಣ್ಣಗೆ ಕರೆಂಟು ಹರಿಯುತ್ತೆ. ಗ್ಯಾಸ್ ಹೀಟರ್‌ನ ಪೈಲಟ್ ಜ್ವಾಲೆ ಹತ್ತಿರ ಇರೋ ಥರ್ಮೋಕಪಲ್ ಇದೇ ತತ್ವದ್ದು. ಯಾವ ಲೋಹ, ಯಾವ ಮಿಶ್ರಣ ಸೇರಿಸಿದ್ರೆ ಹೆಚ್ಚು ಕರೆಂಟು ಬರುತ್ತೆ ಅನ್ನೋದನ್ನು ಅವರು ವರ್ಷಗಟ್ಟಲೆ ಹುಡುಕಿದರು. ಬಿಸಿಲಿನಿಂದ ನಡೆಯೋ ಅಂಥ ಜನರೇಟರ್ ಒಂದನ್ನು 1954ರಲ್ಲಿ ಲೆಕ್ಕಸಮೇತ ಪ್ರಕಟಿಸಿದರು. ಕನ್ನಡಿಯಿಂದ ಬಿಸಿಲು ಒಟ್ಟುಮಾಡದೆ ಬಂದ ದಕ್ಷತೆ ಶೇಕಡಾ ಒಂದೂ ಇಲ್ಲ, 0.6. ಇದ್ದದ್ದನ್ನು ಇದ್ದ ಹಾಗೇ ಬರೆದಿದ್ದಾರೆ ಅನ್ನೋದು ನನಗೆ ಮೆಚ್ಚಿಗೆ.

ಬಾಸ್ಟನ್‌ನ ಶ್ರೀಮಂತ ಗಾಡ್‌ಫ್ರೀ ಕ್ಯಾಬಟ್ 1938ರಲ್ಲಿ ಎಂಐಟಿ ಸಂಸ್ಥೆಗೆ ಸೂರ್ಯಶಕ್ತಿ ಸಂಶೋಧನೆಗೆ ಅಂತ ದೊಡ್ಡ ಮೊತ್ತ ಕೊಟ್ಟರು. ಆ ಯೋಜನೆಗೆ 1940ರ ಹೊತ್ತಿಗೆ ಟೆಲ್ಕೆಶ್ ಸೇರಿದರು. ಅಷ್ಟರಲ್ಲಿ ಯುದ್ಧ. ಹಡಗು ಮುಳುಗಿ, ವಿಮಾನ ಬಿದ್ದು, ರಬ್ಬರ್ ದೋಣಿಯಲ್ಲಿ ತೇಲುವ ಸೈನಿಕರಿಗೆ ಸುತ್ತ ನೀರಿದ್ರೂ ಕುಡಿಯೋಕೆ ನೀರಿಲ್ಲ. ಟೆಲ್ಕೆಶ್ ಒಂದು ಊದೋ ಪ್ಲಾಸ್ಟಿಕ್ ಚೀಲ ಮಾಡಿದರು. ಒಳಗೆ ಕಪ್ಪು ಪ್ಯಾಡು, ಅದಕ್ಕೆ ಸಮುದ್ರದ ನೀರು. ಬಿಸಿಲಿಗೆ ನೀರು ಆವಿಯಾಗಿ ಪ್ಲಾಸ್ಟಿಕ್‌ನ ಒಳಮೈಗೆ ಹನಿಗಟ್ಟಿ ಕೆಳಗಿಳಿಯುತ್ತೆ, ಉಪ್ಪು ಹಿಂದೆ ಉಳಿಯುತ್ತೆ. ದಿನಕ್ಕೆ ಸುಮಾರು ಒಂದು ಲೀಟರ್ ಸಿಹಿನೀರು. ಒಬ್ಬ ಮನುಷ್ಯನ ಜೀವ ಹಿಡಿದಿಡೋಕೆ ಅಷ್ಟು ಸಾಕು. ಆದ್ರೆ ತಯಾರಿಕೆಯ ಕಾಂಟ್ರ್ಯಾಕ್ಟು ತಿರುಗಾಡಿ ತಿರುಗಾಡಿ, ಅದು ಸೈನಿಕರ ಕೈಗೆ ಸೇರೋ ಹೊತ್ತಿಗೆ ಯುದ್ಧವೇ ಮುಗಿಯೋಕೆ ಬಂದಿತ್ತು.

ಇಲ್ಲಿಂದ ಮುಂದೆ ಉಪ್ಪಿನ ಕತೆ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಾಟಲಿ ಗಟ್ಟಿಯಾಗೋದು ಎಲ್ಲರೂ ನೋಡಿದ್ದೀರಿ. ಬಿಸಿಲಿಗೆ ಇಟ್ರೆ ಕರಗುತ್ತೆ. ಕರಗುವಾಗ ಶಾಖವನ್ನು ಒಳಗೆ ಎಳಕೊಳ್ಳುತ್ತೆ, ಮತ್ತೆ ಗಟ್ಟಿಯಾಗುವಾಗ ಅಷ್ಟನ್ನೂ ವಾಪಸ್ ಬಿಡುತ್ತೆ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ಗುಪ್ತೋಷ್ಣ ಅಂತ ಹೆಸರಿತ್ತು. ಟೆಲ್ಕೆಶ್ ಆರಿಸಿಕೊಂಡದ್ದು ಗ್ಲಾಬರ್ ಲವಣ, ಅಂದ್ರೆ ನೀರನ್ನು ಒಳಗೆ ಹಿಡಿದುಕೊಂಡ ಸೋಡಿಯಂ ಸಲ್ಫೇಟ್. ಅಗ್ಗದ ಉಪ್ಪು. ಸುಮಾರು 32 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತೆ, ಮನೆ ಬೆಚ್ಚಗಿಡೋಕೆ ಹೇಳಿ ಮಾಡಿಸಿದ ಉಷ್ಣತೆ. ಒಂದು ಕಿಲೋ ಉಪ್ಪು ಕರಗುವಾಗ ಹೀರೋ ಶಾಖ ಎಷ್ಟು ಅಂದ್ರೆ, ಒಂದು ಕಿಲೋ ನೀರನ್ನು 25ರಿಂದ 85 ಡಿಗ್ರಿವರೆಗೆ ಕಾಯಿಸಿದಷ್ಟು. ನೀರಿನ ಟ್ಯಾಂಕು ತುಂಬಾ ಜಾಗ ತಿನ್ನೋ ಕಡೆ, ಉಪ್ಪಿನ ಡಬ್ಬ ಸಣ್ಣದಾಗಿ ಗೋಡೆ ಸಂದಿಯಲ್ಲಿ ಕೂರುತ್ತೆ.

ಎಂಐಟಿಯ ಸೂರ್ಯಶಕ್ತಿ ಸಮಿತಿಯ ಮುಖ್ಯಸ್ಥರಾಗಿದ್ದ ಹೋಯ್ಟ್ ಹಾಟೆಲ್‌ ಅವರಿಗೆ ಈ ಉಪ್ಪಿನ ಮೇಲೆ ನಂಬಿಕೆ ಬರಲಿಲ್ಲ. ಅವರದು ನೀರಿನ ಟ್ಯಾಂಕಿನ ದಾರಿ. ಇಬ್ಬರಿಗೂ ಸರಿ ಬರಲಿಲ್ಲ. ಟೆಲ್ಕೆಶ್ ಅವರನ್ನು ಲೋಹಶಾಸ್ತ್ರ ವಿಭಾಗಕ್ಕೆ ಹಾಕಿದರು. ಆಗ ಅವರು ಸಂಸ್ಥೆಯ ಹೊರಗೆ ದಾರಿ ಹುಡುಕಿದರು. ಬಾಸ್ಟನ್‌ನ ಶಿಲ್ಪಿ ಅಮೀಲಿಯಾ ಪೀಬಾಡಿ ದುಡ್ಡು ಕೊಟ್ಟರು, ವಾಸ್ತುಶಿಲ್ಪಿ ಎಲಿನರ್ ರೇಮಂಡ್ ನಕ್ಷೆ ಹಾಕಿದರು. ಮೂರು ಜನ ಹೆಂಗಸರು ಸೇರಿ ಮ್ಯಾಸಚೂಸೆಟ್ಸ್‌ನ ಡೋವರ್‌ನಲ್ಲಿ ಮನೆ ಎಬ್ಬಿಸಿದರು. 1948ರ ಡಿಸೆಂಬರ್ ಕೊನೆಗೆ ಟೆಲ್ಕೆಶ್ ಅವರ ಸಂಬಂಧಿಕರ ಕುಟುಂಬ, ಚಿಕ್ಕ ಮಗುವಿನ ಸಮೇತ, ಆ ಮನೆಗೆ ವಾಸಕ್ಕೆ ಬಂತು. ಒಲೆ ಇಲ್ಲ, ಬಾಯ್ಲರ್ ಇಲ್ಲ. ಹೊರಗೆ ಹಿಮ.

ಮನೆಯ ದಕ್ಷಿಣ ಮುಖದಲ್ಲಿ, ಮೇಲಂತಸ್ತಿನ ಉದ್ದಕ್ಕೂ 18 ದೊಡ್ಡ ಗಾಜಿನ ಕಿಟಕಿ. ಕಿಟಕಿ ಅಂದ್ರೆ ಒಳಗಿನಿಂದ ನೋಡೋಕಲ್ಲ, ಗಾಜಿನ ಹಿಂದೆ ಕಪ್ಪು ಬಳಿದ ಲೋಹದ ತಗಡು. ತಗಡು ಕಾದಾಗ ಹಿಂದಿನ ಗಾಳಿ ಕಾಯುತ್ತೆ. ಫ್ಯಾನು ಆ ಗಾಳಿಯನ್ನು ಡಕ್ಟಿನಲ್ಲಿ ಕೆಳಗೆ ತಳ್ಳುತ್ತೆ. ಕೋಣೆಗಳ ನಡುವೆ ಕಪಾಟಿನಂಥ ಜಾಗಗಳಲ್ಲಿ ಡಬ್ಬ ಡಬ್ಬ ಉಪ್ಪು, ಒಟ್ಟು ಸುಮಾರು 21 ಟನ್. ಹಗಲು ಉಪ್ಪು ಕರಗುತ್ತೆ, ರಾತ್ರಿ ಗಟ್ಟಿಯಾಗ್ತಾ ಕೋಣೆಗೆ ಶಾಖ ಬಿಡುತ್ತೆ. ಹತ್ತು ದಿನ ಬಿಸಿಲು ಬರದಿದ್ರೂ ಮನೆ ತಣ್ಣಗಾಗಬಾರದು ಅನ್ನೋದು ಲೆಕ್ಕ.

ನಾನು ನಮ್ಮ ಯೂನಿಟ್‌ನಲ್ಲಿ ಲೆಕ್ಕ ಹಾಕಿ ನೋಡಿದೆ. 21 ಟನ್ ಉಪ್ಪು ಪೂರ್ತಿ ಕರಗಿದ್ರೆ ಅದರಲ್ಲಿರೋ ಶಾಖ ಸುಮಾರು 1,300 ಯೂನಿಟ್. ಇಲ್ಲಿಯ ಮನೆಗಳಲ್ಲಿ ಏರ್ ಹ್ಯಾಂಡ್ಲರ್ ಒಳಗೆ ಕೂರಿಸೋ 10 ಕಿಲೋವ್ಯಾಟ್ ಹೀಟ್ ಸ್ಟ್ರಿಪ್ ಒಂದನ್ನು ಐದು ದಿನದ ಮೇಲೆ ಬಿಡದೆ ಉರಿಸಿದಷ್ಟು. 13.5 ಯೂನಿಟ್‌ನ ಗೋಡೆ ಬ್ಯಾಟರಿ ಲೆಕ್ಕದಲ್ಲಿ ಹತ್ತಿರ ಹತ್ತಿರ ನೂರು ಬ್ಯಾಟರಿ. ಬ್ಯಾಟರಿಯ ಕರೆಂಟಿನಿಂದ ಹೀಟ್ ಪಂಪ್ ಓಡಿಸಿದ್ರೆ ಎರಡು ಮೂರು ಪಟ್ಟು ಶಾಖ ಸಿಗುತ್ತೆ, ಅದನ್ನೂ ಹೇಳಬೇಕು. ಆದ್ರೂ 1948ರಲ್ಲಿ, ಡಬ್ಬದಲ್ಲಿ ತುಂಬಿದ ಅಗ್ಗದ ಉಪ್ಪಿನಿಂದ ಅಷ್ಟು!

ಎರಡು ಚಳಿಗಾಲ ಮನೆ ಚೆನ್ನಾಗೇ ನಡೀತು. ಪತ್ರಿಕೆಯವರು ಬಂದ್ರು, ಜನ ಗುಂಪು ಕಟ್ಟಿ ನೋಡೋಕೆ ಬಂದ್ರು. ಮೂರನೇ ಚಳಿಗಾಲದ ಹೊತ್ತಿಗೆ ಕೈಕೊಡ್ತು. ಡಬ್ಬಗಳು ತುಕ್ಕು ಹಿಡಿದು ಸೋರಿದವು. ಉಪ್ಪು ಪದರ ಪದರವಾಗಿ ಬೇರೆಯಾಯ್ತು. ಕೊನೆಗೆ ಅದನ್ನೆಲ್ಲ ತೆಗೆದು ಎಣ್ಣೆ ಉರಿಸೋ ಮಾಮೂಲಿ ಫರ್ನೇಸ್ ಕೂರಿಸಿದರು. 1953ರಲ್ಲಿ ಎಂಐಟಿ ಟೆಲ್ಕೆಶ್ ಅವರನ್ನು ಕೆಲಸದಿಂದ ಬಿಡಿಸಿತು. ಇಂಜಿನಿಯರ್ ಹೆಂಗಸರ ಸಂಘ ತನ್ನ ಮೊಟ್ಟಮೊದಲ ಸಾಧನಾ ಪ್ರಶಸ್ತಿಯನ್ನು ಅವರಿಗೆ ಕೊಟ್ಟು ಒಂದೇ ವರ್ಷ ಆಗಿತ್ತು.

ಇಲ್ಲಿ ನನ್ನ ಅಭಿಪ್ರಾಯ ಹೇಳಬೇಕು. ಡೋವರ್ ಮನೆ ಸೋತಿತು ಅಂತ ಬರೆಯೋರು ಎರಡು ಬೇರೆ ಬೇರೆ ದೋಷಗಳನ್ನು ಒಂದೇ ಗಂಟಿಗೆ ಕಟ್ಟಿಬಿಡ್ತಾರೆ. ಡಬ್ಬ ಸೋರೋದು ಡಬ್ಬದ ದೋಷ. ಉಪ್ಪುನೀರು ಕಬ್ಬಿಣ ತಿನ್ನುತ್ತೆ ಅಂತ ಮಂಗಳೂರು, ಕಾರವಾರದ ಕಡೆ ವೈರಿಂಗ್ ಮಾಡಿದ ಯಾರನ್ನು ಕೇಳಿದ್ರೂ ಹೇಳ್ತಾರೆ. ಅದು ಫಿಟ್ಟರ್, ವೆಲ್ಡರ್‌ಗಳ ಜೊತೆ ಕೂತು ಬಗೆಹರಿಸೋ ವಿಷಯ. ಉಪ್ಪು ಬೇರೆಯಾಗೋದು ಮಾತ್ರ ನಿಜವಾದ ರಸಾಯನದ ಸಮಸ್ಯೆ. ಆ ವಿಷಯದಲ್ಲಿ ಹಾಟೆಲ್ ಅವರ ಅನುಮಾನ ಪೂರ್ತಿ ತಪ್ಪಾಗಿರಲಿಲ್ಲ ಅನ್ನೋದನ್ನೂ ಒಪ್ಪಬೇಕು.

ಸಮಸ್ಯೆ ಏನು ಅಂದ್ರೆ, ಈ ಲವಣದಲ್ಲಿ ಸೋಡಿಯಂ ಸಲ್ಫೇಟ್‌ನ ಒಂದೊಂದು ಪಾಲಿಗೆ ಹತ್ತು ಪಾಲು ನೀರಿನ ಅಣು ಅಂಟಿಕೊಂಡಿರುತ್ತೆ. ಕರಗಿದಾಗ ಆ ನೀರು ಬಿಡುಗಡೆ ಆಗುತ್ತೆ, ಆದ್ರೆ ಅಷ್ಟು ನೀರಿನಲ್ಲಿ ಉಪ್ಪೆಲ್ಲ ಕರಗೋದಿಲ್ಲ. ಉಳಿದದ್ದು ಪುಡಿಯಾಗಿ ತಳಕ್ಕೆ ಕೂರುತ್ತೆ. ಜೋನಿಬೆಲ್ಲದ ಡಬ್ಬಿಯಲ್ಲಿ ಅಡಿಯಲ್ಲಿ ಸಕ್ಕರೆ ಹರಳು ಕೂತು ಮೇಲೆ ತೆಳ್ಳಗೆ ನಿಲ್ಲುತ್ತಲ್ಲ, ಹಾಗೆ. ಮತ್ತೆ ಗಟ್ಟಿಯಾಗಬೇಕಾದಾಗ ತಳದ ಪುಡಿಗೆ ಮೇಲಿನ ನೀರು ಸಿಗೋದಿಲ್ಲ. ಪ್ರತಿ ಸುತ್ತಿನಲ್ಲೂ ಸ್ವಲ್ಪ ಸ್ವಲ್ಪ ಶಾಖ ಹಿಡಿಯೋ ಶಕ್ತಿ ಕಡಿಮೆ. ಇನ್ನೊಂದು ತೊಂದರೆಯೂ ಇತ್ತು. 32 ಡಿಗ್ರಿಗೆ ಗಟ್ಟಿಯಾಗಬೇಕಾದದ್ದು ಅದಕ್ಕಿಂತ ಎಷ್ಟೋ ಕೆಳಗೆ ಇಳಿದ್ರೂ ನೀರಾಗಿಯೇ ಉಳಿಯೋದು. ಗಟ್ಟಿಯಾಗದಿದ್ರೆ ಶಾಖ ಹೊರಗೆ ಬರೋದಿಲ್ಲ, ಮನೆಯವರು ಚಳಿಯಲ್ಲಿ ನಡುಗಬೇಕು.

ಎರಡನೇ ತೊಂದರೆಗೆ ಟೆಲ್ಕೆಶ್ ಮದ್ದು ಕಂಡುಹಿಡಿದರು. ಉಪ್ಪಿಗೆ ನೂರಕ್ಕೆ ಮೂರು ನಾಲ್ಕು ಪಾಲು ಬಿಳಿಗಾರ ಸೇರಿಸೋದು. ಅಕ್ಕಸಾಲಿಗರು ಬೆಸುಗೆಗೆ ಬಳಸೋ ಅದೇ ಬಿಳಿಗಾರ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಬಿಳಿಗಾರದ ಹರಳು ಇದ್ರೆ ಅದನ್ನು ಹಿಡಿದು ಉಪ್ಪು ಹರಳುಗಟ್ಟೋಕೆ ಶುರುಮಾಡುತ್ತೆ. 1952ರಲ್ಲಿ ಪ್ರಕಟವಾದ ಆ ಲೇಖನವನ್ನು ಶಾಖ ಕೂಡಿಡೋ ಸಂಶೋಧನೆ ಮಾಡುವವರು ಇವತ್ತಿಗೂ ಹೆಸರಿಸ್ತಾರೆ. ಮೊದಲನೇ ತೊಂದರೆಗೆ ಮದ್ದು ಸಿಗೋಕೆ ಇಪ್ಪತ್ತು ವರ್ಷದ ಮೇಲೆ ಹಿಡೀತು. ಒಂದು ಜಾತಿಯ ಜೇಡಿಮಣ್ಣು ಬೆರೆಸಿ ಉಪ್ಪಿನ ದ್ರವವನ್ನು ಅಂಬಲಿಯ ಹಾಗೆ ಮಂದ ಮಾಡೋದು. ಮಂದ ಆದ್ರೆ ಪುಡಿ ತಳಕ್ಕೆ ಬೀಳೋದಿಲ್ಲ, ನಡುವೆಯೇ ತೇಲಿಕೊಂಡಿರುತ್ತೆ. ಇದರ ಪೇಟೆಂಟ್ ಬಂದದ್ದು 1976ರಲ್ಲಿ. ಆಗ ಟೆಲ್ಕೆಶ್ ಅವರಿಗೆ 75 ದಾಟಿತ್ತು.

ನಡುವಿನ ವರ್ಷಗಳನ್ನು ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ಅದು ನಮ್ಮಲ್ಲಿ ಎಷ್ಟೋ ಜನರ ರೆಸ್ಯೂಮೆ ಥರ, ಎರಡು ಮೂರು ವರ್ಷಕ್ಕೊಂದು ಊರು. ನ್ಯೂಯಾರ್ಕ್ ಯೂನಿವರ್ಸಿಟಿಯಲ್ಲಿ ಸೂರ್ಯಶಕ್ತಿಯ ಲ್ಯಾಬು ಕಟ್ಟಿದರು. ಫೋರ್ಡ್ ಫೌಂಡೇಶನ್ ಕೊಟ್ಟ 45,000 ಡಾಲರ್‌ನಲ್ಲಿ ಬಿಸಿಲಿನ ಓವನ್ ಮಾಡಿದರು. ಪೆಟ್ಟಿಗೆ, ಮೇಲೆ ಗಾಜು, ಸುತ್ತ ಹೊಳೆಯೋ ತಗಡು. ಬಡದೇಶಗಳ ಅಡುಗೆಮನೆಗೆ ಅಂತ ಮಾಡಿದ್ದು, ಬ್ರೆಡ್ಡು ಬೇಯುವಷ್ಟು ಬಿಸಿ ಬರ್ತಿತ್ತು. ಅದೇ ದಶಕದಲ್ಲಿ ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯವರೂ ಸೋಲಾರ್ ಕುಕ್ಕರ್ ಮಾಡಿದ್ರು. ಜನ ಕೊಳ್ಳಲಿಲ್ಲ. ನಮ್ಮ ಮನೆಗಳಲ್ಲಿ ಮುದ್ದೆ ತಿರುವೋದು ಕತ್ತಲಾದ ಮೇಲೆ, ತಿಂಡಿ ಮಾಡೋದು ಬೆಳಕು ಹರಿಯೋ ಮೊದಲು. ಬಿಸಿಲಿರೋ ಹೊತ್ತಿಗೆ ಹೆಂಗಸರು ಹೊಲದಲ್ಲಿರ್ತಾರೆ. ಕೂಡಿಡೋ ವ್ಯವಸ್ಥೆ ಇಲ್ಲದ ಬಿಸಿಲೊಲೆ ಎಲ್ಲಿ ಸಿಕ್ಕಿಬೀಳುತ್ತೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ. ಆಮೇಲೆ ಕರ್ಟಿಸ್-ರೈಟ್ ಕಂಪನಿ, ಅದಾದ ಮೇಲೆ ಕ್ರಯೋ-ಥರ್ಮ್. ಅಲ್ಲಿ ಶಾಖ, ಚಳಿ ತಾಗಬಾರದ ಉಪಕರಣಗಳನ್ನು ಸಾಗಿಸೋ ಪೆಟ್ಟಿಗೆಗಳಿಗೆ ಬೇಕಾದ ವಸ್ತು ತಯಾರಿಸಿದರು. ಪೊಲಾರಿಸ್ ಕ್ಷಿಪಣಿಗೆ, ಅಪೊಲೊ ಯೋಜನೆಗೆ ಅದು ಬಳಕೆಯಾಯ್ತು. ಹೂಸ್ಟನ್‌ನಲ್ಲಿ ನಾಸಾ ನೋಡೋಕೆ ಮಕ್ಕಳನ್ನು ಕರ್ಕೊಂಡು ಹೋದಾಗ ಈ ಹೆಸರನ್ನೂ ಹೇಳಬಹುದು.

1972ರಲ್ಲಿ ಡೆಲವೇರ್ ಯೂನಿವರ್ಸಿಟಿ. ಅಲ್ಲಿ ಮರುವರ್ಷ ಎದ್ದ ಸೋಲಾರ್ ಒನ್ ಮನೆಯಲ್ಲಿ ಕರೆಂಟು ಮಾಡೋ ಪ್ಯಾನೆಲ್ಲೂ ಇತ್ತು, ಟೆಲ್ಕೆಶ್ ಅವರ ಉಪ್ಪೂ ಇತ್ತು. ಟೆಕ್ಸಸ್‌ನವರಿಗೆ ಮುಖ್ಯವಾದ ವಿಷಯ ಇಲ್ಲಿದೆ. ಗ್ಲಾಬರ್ ಲವಣಕ್ಕೆ ಅಡುಗೆ ಉಪ್ಪು, ಅಮೋನಿಯಂ ಕ್ಲೋರೈಡ್ ಬೆರೆಸಿದ್ರೆ ಅದು ಕರಗೋ ಉಷ್ಣತೆ 32ರಿಂದ ಸುಮಾರು 13 ಡಿಗ್ರಿಗೆ ಇಳಿಯುತ್ತೆ. ಆಗ ಅದು ಶಾಖ ಬಿಟ್ಟು ತಂಪು ಕೂಡಿಡೋ ಉಪ್ಪಾಗುತ್ತೆ. ರಾತ್ರಿ ಗಟ್ಟಿ ಮಾಡಿಟ್ರೆ ಮಧ್ಯಾಹ್ನದ ಹೊತ್ತು ಮನೆಯ ಶಾಖ ಹೀರಿಕೊಂಡು ಕರಗುತ್ತೆ. ಮನೆ ಬಿಸಿ ಮಾಡೋಕೆ ಹೊರಟವರು ಮನೆ ತಂಪು ಮಾಡೋಕೂ ಅದೇ ಡಬ್ಬ ಸಾಕು ಅಂತ ತೋರಿಸಿದರು.

ಡೆಲವೇರ್‌ನಲ್ಲಿ 1978ರಲ್ಲಿ ನಿವೃತ್ತಿ. ಕಿಲೀನ್ ಕಾಲ ಇದರ ಆಸುಪಾಸಿನದು. ಆ ಕಾಲದ ಕೆಲಸದಿಂದ 1981ರಲ್ಲಿ ಬಂದ ಒಂದು ಪೇಟೆಂಟ್ ಫರ್ನೇಸ್‌ಗೆ ಸಂಬಂಧಿಸಿದ್ದು. ಮನೆಯ ಫರ್ನೇಸ್ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಹತ್ತಿ ಆರಿ ಮಾಡೋದ್ರಲ್ಲಿ ಇಂಧನ ದಂಡ. ಶಾಖ ಹೀರೋ ವಸ್ತುವನ್ನು ಜೊತೆಗೆ ಇಟ್ಟು, ಒಮ್ಮೆ ಹತ್ತಿದ್ರೆ ಉದ್ದಕ್ಕೆ ಉರಿಸಿ, ಆಮೇಲೆ ಕೂಡಿಟ್ಟ ಶಾಖದಲ್ಲೇ ಮನೆ ನಡೆಸೋದು. ಸ್ವಿಚ್ ಪದೇ ಪದೇ ಹಾಕಿ ತೆಗೆದ್ರೆ ಏನು ಸವೆಯುತ್ತೆ ಅಂತ ಗೊತ್ತಿರೋರಿಗೆ ಇದರ ಬೆಲೆ ಗೊತ್ತಾಗುತ್ತೆ. 1980ರಲ್ಲಿ ಮ್ಯಾಸಚೂಸೆಟ್ಸ್‌ನ ಕಾರ್ಲೈಲ್‌ನಲ್ಲಿ ಸರ್ಕಾರದ ಇಂಧನ ಇಲಾಖೆಯ ನೆರವಿನಿಂದ ಕಟ್ಟಿದ ಸೋಲಾರ್ ಮನೆಗೂ ಅವರು ಸಲಹೆ ಕೊಟ್ಟರು.

ಈಗ ನಮ್ಮ ಮೂರು ಊರುಗಳಲ್ಲಿ ಈ ಕೂಡಿಡೋ ಕೆಲಸ ದೊಡ್ಡ ಪ್ರಮಾಣದಲ್ಲೇ ನಡೀತಿದೆ, ಆದ್ರೆ ನೀರಿನಲ್ಲಿ. ಹೂಸ್ಟನ್‌ನ ಟೆಕ್ಸಸ್ ಮೆಡಿಕಲ್ ಸೆಂಟರ್‌ನಲ್ಲಿ 88 ಲಕ್ಷ ಗ್ಯಾಲನ್‌ನ ತಣ್ಣೀರಿನ ಟ್ಯಾಂಕು ನಿಂತಿದೆ. ಕರೆಂಟು ಅಗ್ಗ ಇರೋ ರಾತ್ರಿ ನೀರು ತಣ್ಣಗೆ ಮಾಡಿಟ್ಟು, ಮಧ್ಯಾಹ್ನ ಆಸ್ಪತ್ರೆಗಳಿಗೆ ಹರಿಸ್ತಾರೆ. ಆಸ್ಟಿನ್‌ನಲ್ಲಿ ಯೂನಿವರ್ಸಿಟಿಗೆ ಅಂಥ ಟ್ಯಾಂಕುಗಳಿವೆ, ಡಿಎಫ್‌ಡಬ್ಲ್ಯು ವಿಮಾನ ನಿಲ್ದಾಣಕ್ಕೂ ಇದೆ. ಆಸ್ಟಿನ್ ಡೌನ್‌ಟೌನಿನ ಸ್ಥಾವರದಲ್ಲಿ ರಾತ್ರಿ ಐಸ್ ಕಟ್ಟಿಟ್ಟು ಹಗಲು ಕರಗಿಸ್ತಾರೆ. ನೀರೇ ಗಟ್ಟಿಯಾಗಿ ಕರಗೋದು ಅಂದ್ರೆ ಟೆಲ್ಕೆಶ್ ಅವರ ಗುಪ್ತೋಷ್ಣದ ಲೆಕ್ಕವೇ. ನೀರಿಗೆ ಬಿಳಿಗಾರ ಬೇಡ, ಜೇಡಿಮಣ್ಣು ಬೇಡ, ಪದರ ಬಿಡೋ ಭಯ ಇಲ್ಲ.

ಮನೆಗಳ ಮಾತು ಬೇರೆ. 2021ರ ಫೆಬ್ರವರಿ ಚಳಿಯನ್ನು ಇಲ್ಲಿದ್ದವರು ಯಾರೂ ಮರೆತಿಲ್ಲ. ಟೆಕ್ಸಸ್‌ನ ಅರ್ಧಕ್ಕಿಂತ ಹೆಚ್ಚು ಮನೆಗಳು ಬೆಚ್ಚಗಾಗೋದು ಕರೆಂಟಿನಿಂದ. ಎಲ್ಲ ಹೀಟ್ ಸ್ಟ್ರಿಪ್ಪೂ ಒಟ್ಟಿಗೆ ಹತ್ತಿದ್ವು, ಅದೇ ಹೊತ್ತಿಗೆ ಸ್ಥಾವರಗಳು ಹೆಪ್ಪುಗಟ್ಟಿ ನಿಂತವು. ಇಡೀ ಗ್ರಿಡ್ ಕುಸಿಯೋಕೆ 4 ನಿಮಿಷ 37 ಸೆಕೆಂಡು ಬಾಕಿ ಇತ್ತು. ರಾಜ್ಯ ಸರ್ಕಾರದ ಲೆಕ್ಕದಲ್ಲೇ ಸತ್ತವರು 246 ಜನ, ಅದರಲ್ಲಿ ಹೆಚ್ಚಿನವರು ಚಳಿಯಿಂದ. ಡೋವರ್ ಥರದ ಮನೆ ಇದ್ದಿದ್ರೆ ಪೂರ್ತಿ ಬಚಾವ್ ಆಗ್ತಿದ್ವು ಅಂತ ನಾನು ಹೇಳೋದಿಲ್ಲ. ಅದರ ಫ್ಯಾನಿಗೂ ಕರೆಂಟು ಬೇಕು. ಆದ್ರೆ ಫ್ಯಾನು ತಿನ್ನೋದು ಬಲ್ಬಿನ ಲೆಕ್ಕದಲ್ಲಿ, ಹೀಟ್ ಸ್ಟ್ರಿಪ್ ತಿನ್ನೋದು ಕಿಲೋವ್ಯಾಟ್ ಲೆಕ್ಕದಲ್ಲಿ. ಫ್ಯಾನನ್ನು ಒಂದು ಸಣ್ಣ ಬ್ಯಾಟರಿ ಎರಡು ದಿನ ಓಡಿಸುತ್ತೆ. ಫ್ಯಾನೇ ಇಲ್ಲದಿದ್ರೂ ಗೋಡೆಯೊಳಗೆ 32 ಡಿಗ್ರಿಯ ಉಪ್ಪು ಗಟ್ಟಿಯಾಗ್ತಾ ಇದ್ರೆ ಆ ಗೋಡೆಗೆ ಒರಗಿ ಮಕ್ಕಳನ್ನು ಮಲಗಿಸಬಹುದಿತ್ತು.

ಟೆಲ್ಕೆಶ್ ಮದುವೆಯಾಗಲಿಲ್ಲ. ಇಪ್ಪತ್ತಕ್ಕಿಂತ ಹೆಚ್ಚು ಪೇಟೆಂಟ್ ಅವರ ಹೆಸರಿನಲ್ಲಿವೆ. 1977ರಲ್ಲಿ ಅಮೆರಿಕದ ಸೂರ್ಯಶಕ್ತಿ ಸಂಘ ತನ್ನ ಚಾರ್ಲ್ಸ್ ಗ್ರೀಲಿ ಆಬಟ್ ಪ್ರಶಸ್ತಿ ಕೊಟ್ಟಿತು. 1995ರಲ್ಲಿ, ಬಿಟ್ಟು ಬಂದು ಎಪ್ಪತ್ತು ವರ್ಷ ಆದ ಮೇಲೆ, ಮೊದಲ ಸಲ ಹುಟ್ಟೂರು ಬುಡಾಪೆಸ್ಟ್‌ಗೆ ಹೋದರು. ಡಿಸೆಂಬರ್ 2ರಂದು ಅಲ್ಲಿಯೇ ತೀರಿಕೊಂಡರು. 95 ತುಂಬೋಕೆ ಹತ್ತು ದಿನ ಬಾಕಿ ಇತ್ತು. ಅಮೆರಿಕದ ನ್ಯಾಷನಲ್ ಇನ್ವೆಂಟರ್ಸ್ ಹಾಲ್ ಆಫ್ ಫೇಮ್‌ನಲ್ಲಿ ಅವರ ಹೆಸರು ಸೇರಿದ್ದು 2012ರಲ್ಲಿ.